ಬಲ ಗೊತ್ತಿದ್ದರೆ ಸಾಲದು, ಕೆಲಸ ಕೈ ಬದಲಾಗಬೇಕು

ಕೆಲವು ವರ್ಷಗಳ ಹಿಂದೆ ನಮ್ಮ ಟೀಮಿಗೆ ಒಂದು ದಿನದ ತರಬೇತಿ ಇತ್ತು. ಮೊದಲು ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ. ಆಮೇಲೆ ಪ್ರತಿಯೊಬ್ಬರ ಕೈಗೂ ಒಂದು ಬಣ್ಣದ ವರದಿ. ಅದರಲ್ಲಿ ನಮ್ಮ ನಮ್ಮ ಐದು ದೊಡ್ಡ ಬಲಗಳ ಪಟ್ಟಿ. ಒಬ್ಬರ ವರದಿಯನ್ನು ಇನ್ನೊಬ್ಬರು ಕಿತ್ತುಕೊಂಡು ಓದಿದೆವು. "ಅಯ್ಯೋ, ಇದು ನಿಂದೇ ಕಣೋ, ಹೆಸರೇ ಹಾಕೋದು ಬೇಡ" ಅಂತ ನಕ್ಕೆವು. ಒಂದು ವಾರ ಆ ಹಾಳೆಗಳು ಮೇಜಿನ ಮೇಲಿದ್ದವು. ಆಮೇಲೆ ಡ್ರಾಯರ್ ಸೇರಿದವು.

ತರಬೇತಿಗೆ ಮುಂಚೆ ಯಾರು ಏನು ಮಾಡುತ್ತಿದ್ದರೋ ಆಮೇಲೂ ಅವರೇ ಅದನ್ನೇ ಮಾಡುತ್ತಿದ್ದರು. ತಿಂಗಳ ವರದಿ ನನ್ನ ತಲೆಗೇ ಕಟ್ಟಿತ್ತು. ಅಂಕಿಗಳ ಶೀಟ್ ತೆರೆದರೆ ನನಗೆ ಆಕಳಿಕೆ ಬರುತ್ತಿತ್ತು. ಅದೇ ಶೀಟ್ ನೋಡಿದರೆ ಕಣ್ಣರಳಿಸುವ ಸಹೋದ್ಯೋಗಿಯೊಬ್ಬಳು ದಿನವಿಡೀ ಗ್ರಾಹಕರ ಫೋನ್ ಎತ್ತುತ್ತಾ ಸುಸ್ತಾಗುತ್ತಿದ್ದಳು. ಇದೆಲ್ಲ ನಮ್ಮಿಬ್ಬರ ವರದಿಯಲ್ಲೂ ಇತ್ತು. ಆದರೂ "ಅದಲು ಬದಲು ಮಾಡಿಕೊಳ್ಳೋಣ್ವಾ?" ಅಂತ ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ನಾನೋ ಆ ಟೀಮಿನ ಲೀಡ್ ಬೇರೆ!

ಬಲಗಳನ್ನು ನೆಚ್ಚಿ ತಂಡ ಕಟ್ಟುವುದು ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಡ್ರಾಯರಿನ ಕಥೆಯಿಂದಲೇ ಶುರು ಮಾಡುತ್ತೇನೆ. ಯಾರ ಬಲ ಏನೆಂದು ತಿಳಿದ ಮೇಲೆ ಯಾರ ಕೈಯಲ್ಲಿ ಯಾವ ಕೆಲಸ ಇದೆ ಅನ್ನುವುದು ಬದಲಾಗಬೇಕು. ಬದಲಾಗದಿದ್ದರೆ ಅದು ದಿನಭವಿಷ್ಯ ಓದಿದ ಹಾಗೆ. ಓದುವಾಗ ಖುಷಿ, ಮಧ್ಯಾಹ್ನದ ಹೊತ್ತಿಗೆ ಮರೆತುಹೋಗಿರುತ್ತದೆ.

ಬಲ ಯಾವುದು, ಅಭ್ಯಾಸ ಯಾವುದು

ಚೆನ್ನಾಗಿ ಮಾಡುವ ಕೆಲಸವೆಲ್ಲ ನಮ್ಮ ಬಲ ಅಂತ ಸುಮ್ನೆ ಅಂದುಕೊಂಡಿರುತ್ತೇವೆ. ಹಾಗಲ್ಲ. ನಾನು ಮಾಡುತ್ತಿದ್ದ ತಿಂಗಳ ವರದಿಯಲ್ಲಿ ತಪ್ಪು ಇರುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಮೇಲಿನವರು ಮೆಚ್ಚುತ್ತಿದ್ದರು ಕೂಡ. ಆದರೆ ಅದನ್ನು ಮುಗಿಸಿದ ದಿನ ಬೇರೆ ಯಾವ ಕೆಲಸಕ್ಕೂ ನನ್ನಲ್ಲಿ ಕಸುವು ಉಳಿಯುತ್ತಿರಲಿಲ್ಲ. ಮುಂದಿನ ತಿಂಗಳ ಮೊದಲ ವಾರ ಹತ್ತಿರ ಬಂದಂತೆ ಬೇಸರ ಶುರುವಾಗುತ್ತಿತ್ತು. ಅದು ಕಲಿತ ಕೆಲಸ. ಬಲ ಅಲ್ಲ.

ಬಲದಲ್ಲಿ ಎರಡು ಗುರುತು ಒಟ್ಟಿಗೆ ಇರುತ್ತವೆ. ಒಂದು, ಕೆಲಸ ಚೆನ್ನಾಗಿ ಆಗುತ್ತದೆ, ಮತ್ತೆ ಮತ್ತೆ ಆಗುತ್ತದೆ. ಎರಡು, ಮಾಡುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ, ಮುಗಿದ ಮೇಲೆ ಇನ್ನಷ್ಟು ಮಾಡೋಣ ಅನ್ನಿಸುತ್ತದೆ. ಮೊದಲನೆಯದು ಮಾತ್ರ ಇದ್ದರೆ ಅದು ಅಭ್ಯಾಸದ ಕೈಚಳಕ. ಎರಡನೆಯದು ಮಾತ್ರ ಇದ್ದರೆ ಅದು ಆಸೆ. ಹಾಡುವ ಆಸೆ ಇದ್ದವರೆಲ್ಲ ಹಾಡುಗಾರರಲ್ಲ, ಅಲ್ವಾ? ಹಾಗೆಯೇ ವೇದಿಕೆ ಕಂಡರೆ ಇಷ್ಟ ಅನ್ನುವವರೆಲ್ಲ ಒಳ್ಳೆಯ ಪ್ರೆಸೆಂಟೇಶನ್ ಕೊಡುವುದಿಲ್ಲ. ಇದನ್ನು ಹೇಳುವುದು ಕಷ್ಟ. ಆದರೂ ಹೇಳಲೇಬೇಕು.

ಈ ಯೋಚನೆಗೆ ಪರೀಕ್ಷೆಯ ರೂಪ ಕೊಟ್ಟು ಜಗತ್ತಿಗೆಲ್ಲ ಹಬ್ಬಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಲಿಫ್ಟನ್. ಮನಶ್ಶಾಸ್ತ್ರ ಬಹಳ ಕಾಲ ಮನುಷ್ಯನಲ್ಲಿ ಏನು ಕೆಟ್ಟಿದೆ ಅಂತಲೇ ಹುಡುಕುತ್ತಿತ್ತು. ಏನು ಸರಿಯಾಗಿದೆ ಅಂತ ಹುಡುಕಿದರೆ ಹೇಗೆ, ಎಂಬುದು ಅವರ ಪ್ರಶ್ನೆ. ಅವರ ಲೆಕ್ಕದಲ್ಲಿ ಬಲ ಎಂಬುದು ಹುಟ್ಟಿನಿಂದ ಸಿದ್ಧವಾಗಿ ಬರುವುದಿಲ್ಲ. ಮನಸ್ಸು ತಾನಾಗಿಯೇ ಓಡುವ ದಿಕ್ಕು ಒಂದಿರುತ್ತದೆ. ಅದಕ್ಕೆ ಸಮಯ, ಕಲಿಕೆ, ಅಭ್ಯಾಸ ಹಾಕಿದಾಗ ಮಾತ್ರ ಅದು ಬಲವಾಗುತ್ತದೆ. ಈ ಭಾಗವನ್ನು ತರಬೇತಿ ಕೊಡುವವರು ಮೆಲ್ಲಗೆ ದಾಟಿಬಿಡುತ್ತಾರೆ. ಪರೀಕ್ಷೆ ತೋರಿಸುವುದು ದಿಕ್ಕನ್ನು ಮಾತ್ರ. ನಡೆಯಬೇಕಾದವರು ನಾವೇ.

ಗ್ಯಾಲಪ್ ಸಂಸ್ಥೆ ಮಾರುವ ಆ ಪರೀಕ್ಷೆಯಲ್ಲಿ 177 ಜೋಡಿ ಹೇಳಿಕೆಗಳಿವೆ. ಒಂದೊಂದಕ್ಕೆ 20 ಸೆಕೆಂಡ್. ಜಾಸ್ತಿ ಯೋಚಿಸಬಾರದು ಅಂತಲೇ ಈ ಗಡುವು. ಕೊನೆಗೆ 34 ಗುಣಗಳಲ್ಲಿ ನಿಮ್ಮ ಮೊದಲ ಐದು ಯಾವುವು ಅಂತ ತಿಳಿಯುತ್ತದೆ. 34ರಲ್ಲಿ ಐದನ್ನು ಆರಿಸಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸಿದರೆ 3 ಕೋಟಿ 33 ಲಕ್ಷಕ್ಕಿಂತ ಹೆಚ್ಚು ಬಗೆ ಆಗುತ್ತದೆ. ನಿಮ್ಮ ಹಾಗೆ ಇನ್ನೊಬ್ಬರಿಲ್ಲ ಎಂದು ತರಬೇತುದಾರರು ಹೇಳುವುದು ಇದನ್ನು ಹಿಡಿದೇ. ಆ 34 ಗುಣಗಳನ್ನೂ ನಾಲ್ಕು ಗುಂಪು ಮಾಡಿದ್ದಾರೆ: ಕೆಲಸ ಮುಗಿಸುವುದು, ಬೇರೆಯವರನ್ನು ಒಪ್ಪಿಸುವುದು, ಸಂಬಂಧ ಬೆಸೆಯುವುದು, ಮುಂದಿನದನ್ನು ಯೋಚಿಸುವುದು. ನನ್ನ ಅನುಭವದಲ್ಲಿ ಟೀಮ್ ಲೀಡ್‌ಗೆ 34ಕ್ಕಿಂತ ಈ ನಾಲ್ಕು ಜಾಸ್ತಿ ಉಪಯೋಗ. ನಿಮ್ಮ ತಂಡದಲ್ಲಿ ಎಲ್ಲರೂ ಯೋಚಿಸುವವರೇ ಆಗಿ ಮುಗಿಸುವವರು ಯಾರೂ ಇಲ್ಲದಿದ್ದರೆ ಅದು ಒಂದೇ ನೋಟಕ್ಕೆ ಕಾಣುತ್ತದೆ.

ಇನ್ನೊಂದು ಪಟ್ಟಿಯೂ ಇದೆ. ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೊಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ 2004ರಲ್ಲಿ ಕೊಟ್ಟದ್ದು. ಅದರಲ್ಲಿ 24 ಗುಣಗಳು, ಆರು ಗುಂಪು. ಕುತೂಹಲ, ಧೈರ್ಯ, ನ್ಯಾಯಬುದ್ಧಿ, ಹಾಸ್ಯ, ಕೃತಜ್ಞತೆ, ಹೀಗೆ. ಇದು ಕೆಲಸಕ್ಕಿಂತ ಸ್ವಭಾವಕ್ಕೆ ಹತ್ತಿರ. ಇದರ ಪರೀಕ್ಷೆಯನ್ನು ಬಿಟ್ಟಿಯಾಗಿಯೇ ಬರೆಯಬಹುದು.

ಯಾವುದನ್ನು ಬರೆದರೂ ಒಂದು ಮಾತು ನೆನಪಿರಲಿ. ಉತ್ತರ ಕೊಡುವವರು ನಾವೇ, ನಮ್ಮ ಬಗ್ಗೆಯೇ. ನಾವು ಹೇಗಿದ್ದೇವೆ ಅನ್ನುವುದರ ಜೊತೆಗೆ ಹೇಗಿರಬೇಕು ಅಂದುಕೊಂಡಿದ್ದೇವೆ ಅನ್ನುವುದೂ ಉತ್ತರದಲ್ಲಿ ಬೆರೆಯುತ್ತದೆ. ಅದಕ್ಕೇ ಈ ವರದಿಗಳನ್ನು ತೀರ್ಪು ಅಂತ ನಾನು ಓದುವುದಿಲ್ಲ. ಅವು ಮಾತು ಶುರು ಮಾಡಲು ಸಿಗುವ ಪದಗಳು. "ನೀನು ಯಾಕೆ ಯಾವಾಗಲೂ ಅಡ್ಡ ಪ್ರಶ್ನೆ ಹಾಕ್ತೀಯ?" ಎನ್ನುವ ಜಾಗದಲ್ಲಿ "ಇವನಿಗೆ ಅಪಾಯ ಮೊದಲು ಕಾಣುತ್ತೆ" ಎನ್ನುವ ಪದ ಸಿಕ್ಕರೆ ಅದೇ ದೊಡ್ಡದು.

ಕಣ್ಣೆದುರಿಗಿದ್ದರೂ ಕಾಣದ್ದು

ನಮ್ಮ ಬಲ ನಮಗೇ ಕಾಣುವುದಿಲ್ಲ. ಕಾರಣ ಸರಳ. ಸಲೀಸಾಗಿ ಆಗುವ ಕೆಲಸವನ್ನು ನಾವು ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ತಂಡದಲ್ಲಿ ಒಬ್ಬರಿದ್ದಾರೆ. ಜಗಳದ ಹಂತಕ್ಕೆ ಹೋದ ಮೀಟಿಂಗ್‌ನಲ್ಲಿ ಒಂದೇ ಒಂದು ವಾಕ್ಯ ಹೇಳುತ್ತಾರೆ. "ಇಬ್ರೂ ಹೇಳ್ತಿರೋದು ಒಂದೇ ಅಲ್ವಾ, ಯಾವಾಗ ಅನ್ನೋದು ಮಾತ್ರ ಬೇರೆ." ಕೋಣೆಯ ಬಿಸಿ ಇಳಿದುಬಿಡುತ್ತದೆ. ನಿಮ್ಮ ಬಲ ಏನು ಅಂತ ಅವರನ್ನು ಕೇಳಿದಾಗ ಹೇಳಿದ್ದು, "ಟೈಪಿಂಗ್ ಸ್ಪೀಡ್ ಚೆನ್ನಾಗಿದೆ." ತಮಾಷೆಗೆ ಹೇಳಿದ್ದಲ್ಲ!

1955ರಲ್ಲಿ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೆ ನಾಲ್ಕು ಚೌಕದ ಒಂದು ಕಿಟಕಿ ಬರೆದರು. ಇಬ್ಬರ ಹೆಸರಿನ ತುಣುಕು ಸೇರಿಸಿ ಅದಕ್ಕೆ ಜೋಹಾರಿ ಕಿಟಕಿ ಅಂತ ಹೆಸರಾಯಿತು. ನನಗೂ ಇತರರಿಗೂ ಗೊತ್ತಿರುವುದು ಒಂದು ಚೌಕ. ನನಗೆ ಗೊತ್ತು, ಇತರರಿಗೆ ಗೊತ್ತಿಲ್ಲ, ಅದು ಇನ್ನೊಂದು. ಯಾರಿಗೂ ಗೊತ್ತಿಲ್ಲದ್ದು ಮತ್ತೊಂದು. ಉಳಿದ ಚೌಕವೇ ಇಲ್ಲಿ ಮುಖ್ಯ: ಇತರರಿಗೆಲ್ಲ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ. ಬಲಗಳೂ ಅಲ್ಲೇ ಅಡಗಿರುತ್ತವೆ, ನಮ್ಮ ಕಾಟಗಳೂ ಅಲ್ಲೇ ಇರುತ್ತವೆ.

ಆ ಚೌಕಕ್ಕೆ ಬೆಳಕು ಬಿಡುವ ಸುಲಭದ ದಾರಿ ಜನರನ್ನು ಕೇಳುವುದು. ಆದರೆ "ನನ್ನ ಸ್ಟ್ರೆಂತ್ ಏನು?" ಅಂತ ಕೇಳಬೇಡಿ. ಹಾಗೆ ಕೇಳಿದರೆ "ನೀವು ತುಂಬಾ ಹಾರ್ಡ್‌ವರ್ಕಿಂಗ್" ಅನ್ನುವ ಉತ್ತರ ಬರುತ್ತದೆ. ಅದರಿಂದ ಏನೂ ಆಗದು. ಘಟನೆ ಕೇಳಬೇಕು. "ನಾನಿದ್ದದ್ದರಿಂದ ನಿಮ್ಮ ಕೆಲಸ ಹಗುರ ಆಯ್ತು ಅನ್ನಿಸಿದ ಒಂದು ಸಂದರ್ಭ ಹೇಳಿ, ಆಗ ನಾನು ಏನು ಮಾಡಿದ್ದೆ?" ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಒಂದು ಕ್ರಮಬದ್ಧ ಅಭ್ಯಾಸವಾಗಿ ರೂಪಿಸಿದ್ದಾರೆ. ಪರಿಚಯದ ಹತ್ತಿಪ್ಪತ್ತು ಜನರಿಂದ ಇಂಥ ಘಟನೆಗಳನ್ನು ಬರೆಸಿಕೊಂಡು, ಎಲ್ಲದರಲ್ಲೂ ಮತ್ತೆ ಮತ್ತೆ ಬರುವ ಎಳೆ ಯಾವುದು ಅಂತ ಹುಡುಕುವುದು.

ಇನ್ನೊಂದು ದಾರಿಗೆ ಯಾರ ಸಹಾಯವೂ ಬೇಡ. ತಾಳ್ಮೆ ಬೇಕು, ಅಷ್ಟೇ. ಆಡಳಿತ ಚಿಂತಕ ಪೀಟರ್ ಡ್ರಕರ್ 1999ರ ಒಂದು ಲೇಖನದಲ್ಲಿ ಇದನ್ನು ವಿವರಿಸಿದ್ದರು. ದೊಡ್ಡ ನಿರ್ಧಾರ ತೆಗೆದುಕೊಳ್ಳುವಾಗ ಅದರಿಂದ ಏನಾಗಬಹುದು ಅಂತ ನಿಮ್ಮ ಊಹೆ ಬರೆದಿಡಿ. 9ರಿಂದ 12 ತಿಂಗಳಾದ ಮೇಲೆ ಆ ಹಾಳೆ ತೆಗೆದು ಆದದ್ದರ ಜೊತೆ ಹೋಲಿಸಿ. ನಾನು ಮಾಡಿ ನೋಡಿದ್ದೇನೆ. ಯಾವ ಕೆಲಸ ಆಗುತ್ತದೆ ಅನ್ನುವ ನನ್ನ ಊಹೆ ಬಹುಪಾಲು ಸರಿ ಇತ್ತು. ಎಷ್ಟು ದಿನಕ್ಕೆ ಆಗುತ್ತದೆ ಅನ್ನುವುದು ಒಂದೂ ಸರಿ ಇರಲಿಲ್ಲ. ಒಂದೂ! ಅಂದಿನಿಂದ ನಮ್ಮ ತಂಡದಲ್ಲಿ ಡೆಡ್‌ಲೈನ್ ಹೇಳುವ ಕೆಲಸ ನನ್ನದಲ್ಲ.

ಮುಂದಾಳಿನ ಬಲದ ಹೊರೆ

ಈ ವಿಷಯದಲ್ಲಿ ಸಾಮಾನ್ಯವಾಗಿ ತಂಡದವರ ಬಲದ ಮಾತಾಡುತ್ತೇವೆ. ಮುಂದಾಳಿನ ಬಲ ತಂಡದ ಮೇಲೆ ಏನು ಮಾಡುತ್ತದೆ ಅನ್ನುವುದನ್ನು ಬಿಟ್ಟುಬಿಡುತ್ತೇವೆ. ನನಗೆ ಎಡವಿದ ಮೇಲೆಯೇ ಬುದ್ಧಿ ಬಂದದ್ದು.

ನನ್ನ ಬಲ ಬೇಗ ನಿರ್ಧರಿಸುವುದು. ಸಮಸ್ಯೆ ಪೂರ್ತಿ ಹೇಳಿ ಮುಗಿಸುವ ಮುಂಚೆಯೇ ನನಗೆ ದಾರಿ ಕಾಣುತ್ತದೆ. ಒಬ್ಬನೇ ಕೆಲಸ ಮಾಡುತ್ತಿದ್ದಾಗ ಇದರಿಂದಲೇ ಹೆಸರು ಬಂತು, ಇದರಿಂದಲೇ ಲೀಡ್ ಆದೆ. ಆಮೇಲೂ ಅದನ್ನೇ ಮುಂದುವರಿಸಿದೆ. ಮೀಟಿಂಗ್‌ಗಳು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದ್ದವು. ಅದೇ ಹೆಮ್ಮೆ ನನಗೆ. ಒಂದು ದಿನ ಹೊಸ ವ್ಯವಸ್ಥೆಯೊಂದನ್ನು ಚಾಲೂ ಮಾಡಿದ ಮೂರೇ ದಿನಕ್ಕೆ ಅದು ಕುಸಿಯಿತು. ಹಳೇ ಗ್ರಾಹಕರ ವಿವರ ಹೊಸದರಲ್ಲಿ ಹೊಂದುತ್ತಿರಲಿಲ್ಲ. ಅಂಕಿಗಳ ಮೇಲೆ ಕಣ್ಣಿಡುವ ಆ ಸಹೋದ್ಯೋಗಿಗೆ ಇದು ಎರಡು ವಾರ ಮುಂಚೆಯೇ ಗೊತ್ತಿತ್ತು.

"ಹೇಳ್ಬೇಕಿತ್ತಲ್ವಾ?" ಅಂದೆ.

"ನೀವು ಹೇಗಿದ್ರೂ ಆಗ್ಲೇ ಡಿಸೈಡ್ ಮಾಡಿರ್ತೀರಲ್ಲ ಸರ್" ಅಂದಳು. ಕೋಪದಿಂದ ಅಂದದ್ದಲ್ಲ. ಹೊರಗೆ ಮಳೆ ಬರ್ತಿದೆ ಅಂತ ಹೇಳುವ ಹಾಗೆ ಅಂದಳು. ಅದೇ ಜಾಸ್ತಿ ಚುಚ್ಚಿತು.

ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಬಲದ ವಿಷಯದಲ್ಲಿ ಇದು ಅಕ್ಷರಶಃ ನಿಜ. ಎಲ್ಲರ ಜೊತೆ ಚೆನ್ನಾಗಿರುವುದು ಬಲವಾಗಿರುವ ಮುಂದಾಳು ಕೆಟ್ಟ ಸುದ್ದಿ ಹೇಳುವುದನ್ನು ಮುಂದೂಡುತ್ತಾನೆ. ವಿವರಗಳಲ್ಲಿ ಪಳಗಿದವಳು ಎಲ್ಲರ ಮೇಲ್‌ಗಳನ್ನೂ ತಾನೇ ತಿದ್ದುತ್ತಾ ಕೂರುತ್ತಾಳೆ. ಹೊಸ ಐಡಿಯಾಗಳ ಮನುಷ್ಯ ಹಳೆಯದು ಮುಗಿಯುವ ಮುಂಚೆ ಇನ್ನೆರಡು ತರುತ್ತಾನೆ. ಇವು ದೌರ್ಬಲ್ಯಗಳಲ್ಲ. ಬಲಗಳೇ, ಪ್ರಮಾಣ ಮೀರಿದವು. ಅದಕ್ಕೇ ಇವನ್ನು ಹಿಡಿಯುವುದು ಕಷ್ಟ. ತಪ್ಪು ಮಾಡುವಾಗ ಕೈ ತಡೆಯುತ್ತದೆ. ಬಲ ಬಳಸುವಾಗ ಯಾವುದೂ ತಡೆಯುವುದಿಲ್ಲ, ಹಾಯಾಗಿಯೇ ಇರುತ್ತದೆ.

ನಾನು ಮಾಡಿಕೊಂಡ ಬದಲಾವಣೆ ಚಿಕ್ಕದು. ಮೀಟಿಂಗ್‌ನಲ್ಲಿ ಕೊನೆಗೆ ಮಾತಾಡುತ್ತೇನೆ. ಮನಸ್ಸಿಗೆ ಬಂದ ನಿರ್ಧಾರವನ್ನು ಚೀಟಿಯಲ್ಲಿ ಬರೆದು ಮಡಚಿಟ್ಟುಕೊಳ್ಳುತ್ತೇನೆ. ಎಲ್ಲರ ಮಾತು ಮುಗಿದ ಮೇಲೆ ತೆಗೆದು ನೋಡುತ್ತೇನೆ. ಕೆಲವು ಸಲ ಅದೇ ಸರಿ ಇರುತ್ತದೆ. ಕೆಲವು ಸಲ ಆ ಚೀಟಿ ಯಾರಿಗೂ ತೋರಿಸದೆ ಕಸದ ಬುಟ್ಟಿಗೆ ಹೋಗುತ್ತದೆ. ಮೀಟಿಂಗ್ ಈಗ ಇಪ್ಪತ್ತು ನಿಮಿಷಕ್ಕೆ ಮುಗಿಯುವುದಿಲ್ಲ.

ಇದಕ್ಕೆ ಒಳ್ಳೆಯ ಆಧಾರವೂ ಇದೆ. ಅನಿತಾ ವುಲ್ಲಿ ಎಂಬ ಸಂಶೋಧಕಿ ಮತ್ತು ಜೊತೆಗಾರರು 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 699 ಜನರನ್ನು ಇಬ್ಬರಿಂದ ಐವರವರೆಗಿನ ಗುಂಪುಗಳಾಗಿ ಮಾಡಿ ಬಗೆಬಗೆಯ ಕೆಲಸ ಕೊಟ್ಟರು. ಗುಂಪು ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅನ್ನುವುದಕ್ಕೂ ಅದರಲ್ಲಿದ್ದ ಅತಿ ಬುದ್ಧಿವಂತರ ಬುದ್ಧಿಗೂ ಅಂಥ ಗಟ್ಟಿ ಸಂಬಂಧ ಇರಲಿಲ್ಲ. ಎದುರಿನವರ ಮನಸ್ಸು ಓದುವ ಸೂಕ್ಷ್ಮತೆಗೂ, ಮಾತಿನ ಸರದಿ ಎಲ್ಲರಿಗೂ ಸಿಗುವುದಕ್ಕೂ ಸಂಬಂಧ ಇತ್ತು. ಒಬ್ಬಿಬ್ಬರೇ ಮಾತಾಡಿದ ಗುಂಪುಗಳು ಹಿಂದೆ ಬಿದ್ದವು.

ಬುದ್ಧಿವಂತರನ್ನೆಲ್ಲ ಒಂದೇ ಕೋಣೆಗೆ ತುಂಬಿದರೆ

ಇಂಗ್ಲೆಂಡಿನ ಹೆನ್ಲಿ ಎಂಬಲ್ಲಿನ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಮೆರೆಡಿತ್ ಬೆಲ್ಬಿನ್ ಎಂಬ ಸಂಶೋಧಕರು ವರ್ಷಗಟ್ಟಲೆ ಇದನ್ನು ಪರೀಕ್ಷಿಸಿದರು. ತರಬೇತಿಗೆ ಬಂದ ಮ್ಯಾನೇಜರ್‌ಗಳಿಗೆ ವ್ಯಾಪಾರದ ಆಟ ಆಡಿಸುತ್ತಿದ್ದರು. ಬುದ್ಧಿ ಪರೀಕ್ಷೆಯಲ್ಲಿ ಮುಂದಿದ್ದವರನ್ನೆಲ್ಲ ಒಂದೇ ತಂಡಕ್ಕೆ ಹಾಕಿ ಅದಕ್ಕೆ ಅಪೊಲೊ ಅಂತ ಹೆಸರಿಟ್ಟರು. ಗೆಲ್ಲುವುದು ಇವರೇ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಇಂಥ ತಂಡಗಳು ಹೆಚ್ಚಾಗಿ ಸೋಲುತ್ತಿದ್ದವು. ಒಬ್ಬೊಬ್ಬರೂ ತಮ್ಮ ವಾದವೇ ಸರಿ ಅಂತ ಹಟ ಹಿಡಿಯುತ್ತಿದ್ದರು. ಇನ್ನೊಬ್ಬರ ವಾದದ ತೂತು ಹುಡುಕುವುದರಲ್ಲೇ ಹೊತ್ತು ಕಳೆಯುತ್ತಿತ್ತು. ಮಾಡಲೇಬೇಕಾದ ಚಿಕ್ಕ ಕೆಲಸಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಗಟ್ಟಿಮುಟ್ಟು. ಬಂಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಬೆಲ್ಬಿನ್ ಕೊನೆಗೆ ಹೇಳಿದ್ದು ತಂಡಕ್ಕೆ ಒಂಬತ್ತು ಬಗೆಯ ಪಾತ್ರಗಳು ಬೇಕು ಅಂತ. ಹೊಸದು ಯೋಚಿಸುವವರು, ಅದನ್ನು ತೂಗಿ ನೋಡುವವರು, ಹೊರಗಿನ ಸಂಪರ್ಕ ತರುವವರು, ಎಲ್ಲರನ್ನೂ ಒಟ್ಟಿಗೆ ತರುವವರು, ಕೊನೆಯ ಚುಕ್ಕೆಯವರೆಗೆ ತಿದ್ದಿ ಮುಗಿಸುವವರು, ಹೀಗೆ. ಒಂಬತ್ತು ಜನ ಬೇಕು ಅಂತಲ್ಲ. ಒಬ್ಬರೇ ಎರಡು ಮೂರು ಪಾತ್ರ ಹೊರಬಹುದು. ಒಂಬತ್ತೇ ಯಾಕೆ, ಹತ್ತು ಯಾಕಲ್ಲ ಅಂತ ವಾದ ಮಾಡಬಹುದು. ನನಗೆ ಆ ವಾದದಲ್ಲಿ ಆಸಕ್ತಿ ಇಲ್ಲ. ತಂಡದ ಬಲ ಎನ್ನುವುದು ಒಬ್ಬೊಬ್ಬರ ಬಲದ ಮೊತ್ತ ಅಲ್ಲ, ಅಷ್ಟು ತಿಳಿದರೆ ಸಾಕು.

ಜನ ಸೇರಿಸುತ್ತಾ ಹೋದರೆ ಮೊತ್ತ ಕಮ್ಮಿಯೂ ಆಗಬಹುದು. ಹತ್ತು ಮಂದಿ ಸೇರಿದ ಕಡೆ ಹಾವು ಸಾಯಲ್ಲ ಅನ್ನುವ ಮಾತಿದೆಯಲ್ಲ, ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಅದನ್ನು ಹಗ್ಗ ಎಳೆಸಿ ಅಳೆದರು. 1913ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರೂ ಹಾಕಿದ ಬಲ ತಮ್ಮ ಪೂರ್ಣ ಶಕ್ತಿಯ ಸುಮಾರು ಅರ್ಧ. ಒಂದಿಷ್ಟು ನಷ್ಟ ಎಳೆತದ ತಾಳ ತಪ್ಪುವುದರಿಂದ, ಒಂದಿಷ್ಟು ಉಳಿದವರು ಎಳೀತಾರಲ್ಲ ಅನ್ನುವುದರಿಂದ. ಐದು ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ನಂಟು ಎಣಿಸಿದರೆ 10. ಹತ್ತು ಜನ ಆದರೆ 45. ಹನ್ನೆರಡಕ್ಕೆ 66. ಪ್ರತಿ ನಂಟೂ ಒಂದು ಮಾತು ತಪ್ಪಿಹೋಗಬಹುದಾದ ಜಾಗ.

ಹಾಗಾದರೆ ಹಂಚುವುದು ಹೇಗೆ? ನಾವು ಮಾಡಿದ್ದನ್ನು ಹೇಳುತ್ತೇನೆ.

ನನ್ನನ್ನೂ ಸೇರಿಸಿ ಆರು ಜನ. ಒಂದು ಮಧ್ಯಾಹ್ನ ಬೋರ್ಡಿನ ಮುಂದೆ ನಿಂತೆವು. ಹೆಸರು ಬರೆಯಲಿಲ್ಲ, ಹುದ್ದೆಯನ್ನೂ ಬರೆಯಲಿಲ್ಲ. ಕೆಲಸಗಳನ್ನು ಬರೆದೆವು. ಅದೂ ದೊಡ್ಡ ದೊಡ್ಡ ಹೆಸರಲ್ಲ. "ಗ್ರಾಹಕರ ನಿರ್ವಹಣೆ" ಅಂತ ಬರೆದರೆ ಏನೂ ತಿಳಿಯುವುದಿಲ್ಲ. ಅದನ್ನು ಬಿಡಿಸಿದೆವು: ಕೋಪದಲ್ಲಿರುವ ಗ್ರಾಹಕರ ಫೋನ್ ಎತ್ತುವುದು, ದೂರನ್ನು ಸಿಸ್ಟಮ್‌ಗೆ ಹಾಕುವುದು, ಅದೇ ದೂರು ಮತ್ತೆ ಬರುತ್ತಿದೆಯಾ ಅಂತ ನೋಡುವುದು, ಬಗೆಹರಿದ ಮೇಲೆ ಫೋನ್ ಮಾಡಿ ತಿಳಿಸುವುದು. ಒಂದೇ ಅಂದುಕೊಂಡಿದ್ದ ಕೆಲಸದಲ್ಲಿ ನಾಲ್ಕು ಬೇರೆ ಬೇರೆ ಬಲಗಳು ಬೇಕಾಗಿದ್ದವು. ಒಟ್ಟು 23 ಕೆಲಸಗಳಾದವು. ಆಮೇಲೆ ಒಬ್ಬೊಬ್ಬರೂ ಪೆನ್ ತೆಗೆದುಕೊಂಡು ಪ್ರತಿ ಕೆಲಸದ ಮುಂದೆ ಕೂಡುವ ಗುರುತು ಅಥವಾ ಕಳೆಯುವ ಗುರುತು ಹಾಕಬೇಕು. ಮಾಡಿದ ಮೇಲೆ ಹುಮ್ಮಸ್ಸು ಉಳಿದರೆ ಕೂಡುವುದು, ಸುಸ್ತಾದರೆ ಕಳೆಯುವುದು. ಚೆನ್ನಾಗಿ ಮಾಡ್ತೀನಾ ಇಲ್ವಾ ಅನ್ನುವ ಪ್ರಶ್ನೆಯೇ ಇಲ್ಲ. ಅದು ನಮಗೆಲ್ಲ ಗೊತ್ತೇ ಇತ್ತು.

ಕೋಪದಲ್ಲಿರುವ ಗ್ರಾಹಕರ ಮುಂದೆ ಒಬ್ಬ ಹುಡುಗ ಕೂಡುವ ಗುರುತು ಹಾಕಿದ. ಎಲ್ಲರೂ ತಿರುಗಿ ನೋಡಿದೆವು. "ಬೈತಾ ಬೈತಾ ಬಂದವರು ಥ್ಯಾಂಕ್ಸ್ ಹೇಳಿ ಫೋನ್ ಇಡ್ತಾರಲ್ಲ, ಅದು ನಂಗೆ ಮಜಾ" ಅಂದ. ಅವನು ಸೇರಿ ಒಂದೂವರೆ ವರ್ಷ ಆಗಿತ್ತು. ಅಷ್ಟು ದಿನವೂ ಅವನಿಗೆ ಶೀಟ್ ತುಂಬುವ ಕೆಲಸ ಕೊಟ್ಟಿದ್ದೆ. ಶೀಟಿನ ಮುಂದೆ ಅವನದ್ದು ದಪ್ಪ ಕಳೆಯುವ ಗುರುತು. ನನ್ನದೂ. ಫೋನ್ ಎತ್ತುತ್ತಿದ್ದವಳು ಅಲ್ಲಿ ಎರಡು ಸಲ ಕೂಡುವ ಗುರುತು ಹಾಕಿದಳು, ಒಂದು ಸಾಲದು ಅಂತ.

ಎಲ್ಲವೂ ಹೀಗೆ ಸಲೀಸಾಗಿ ಹೊಂದಲಿಲ್ಲ. ಒಂದು ಕೆಲಸಕ್ಕೆ ಮೂವರ ಕೂಡುವ ಗುರುತು ಬಿತ್ತು. ಹೊಸಬರಿಗೆ ಕೆಲಸ ಕಲಿಸುವುದು. ಅದನ್ನು ಸರದಿ ಮಾಡಿದೆವು. ಕೆಲವಕ್ಕೆ ಒಬ್ಬರದೂ ಬೀಳಲಿಲ್ಲ. ಅಂಥವು ಐದಿದ್ದವು. ಒಂದನ್ನು ಯಾಕೆ ಮಾಡುತ್ತಿದ್ದೇವೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಿಟ್ಟೆವು, ಇವತ್ತಿನವರೆಗೆ ಯಾರೂ ಕೇಳಿಲ್ಲ. ಎರಡನ್ನು ಸಾಫ್ಟ್‌ವೇರ್‌ಗೆ ವಹಿಸಿದೆವು. ಒಂದನ್ನು ಇಬ್ಬರು ಸೇರಿ ಮಾಡಿದರೆ ಅಷ್ಟು ಬೇಸರ ಆಗುವುದಿಲ್ಲ ಅಂತ ತಿಳಿಯಿತು. ಕೊನೆಯದಕ್ಕೆ ಯಾವ ದಾರಿಯೂ ಕಾಣಲಿಲ್ಲ.

ನಿಜವಾದ ತೊಂದರೆ ಬಂದದ್ದು ಆಮೇಲೆ, ಕೆಲಸ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಜಾಗದಲ್ಲಿ. ಫೋನ್ ಎತ್ತುವ ಹುಡುಗನಿಗೆ ಬರೆಯುವುದು ಆಗದು. ಅವನು ಬರೆದಿಟ್ಟ ಟಿಪ್ಪಣಿ: "ಸರಿ ಮಾಡಿದೆ, ಖುಷಿಯಾದರು." ಅಂಕಿ ನೋಡುವವಳಿಗೆ ಇದರಿಂದ ಏನು ತಿಳಿಯಬೇಕು? ಬಲ ನೋಡಿ ಕೆಲಸ ಹಂಚಿದರೆ ಹೀಗೆ ಆಗಿಯೇ ಆಗುತ್ತದೆ. ಪಕ್ಕ ಪಕ್ಕದಲ್ಲಿ ಬರುವವರು ಒಬ್ಬರಿಗೊಬ್ಬರು ಪೂರಾ ಬೇರೆ ಸ್ವಭಾವದವರಾಗಿರುತ್ತಾರೆ. ನಾವು ಮೂರು ಪ್ರಶ್ನೆಗಳ ಒಂದು ಚಿಕ್ಕ ಫಾರ್ಮ್ ಮಾಡಿದೆವು: ಏನಾಗಿತ್ತು, ಏನು ಮಾಡಿದೆ, ಮತ್ತೆ ಆಗಬಹುದಾ. ಅಷ್ಟೇ. ಅದನ್ನು ಅವರಿಬ್ಬರೇ ಕೂತು ಮಾಡಿದ್ದು. ನಾನು ಮಾಡಿದ್ದರೆ ಅದರಲ್ಲಿ ಹದಿನಾಲ್ಕು ಪ್ರಶ್ನೆ ಇರುತ್ತಿದ್ದವು.

"ಅದು ನನ್ನ ಸ್ಟ್ರೆಂತ್ ಅಲ್ಲ"

ಈ ಮಾತು ಕೇಳಿಬಂದರೆ ಎಚ್ಚರ. ಬಲದ ಮಾತು ನೆಪವಾಗಿ ತಿರುಗುವುದಕ್ಕೆ ಹೆಚ್ಚು ದಿನ ಬೇಡ. ಮೇಲ್‌ಗೆ ಉತ್ತರ ಕೊಡುವುದು, ಹೇಳಿದ ಹೊತ್ತಿಗೆ ಬರುವುದು, ತಪ್ಪಾದಾಗ ಒಪ್ಪಿಕೊಳ್ಳುವುದು, ಇವು ಯಾರ ಬಲವೂ ಆಗಬೇಕಿಲ್ಲ. ಎಲ್ಲರೂ ಮಾಡಬೇಕು. ದೌರ್ಬಲ್ಯವನ್ನು ಮರೆತುಬಿಡಿ ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಬೇರೆಯವರ ಕೆಲಸ ಕೆಡಿಸುವಷ್ಟು ದೊಡ್ಡದಾದ ದೌರ್ಬಲ್ಯವನ್ನು ತಿದ್ದಲೇಬೇಕು. ಆದರೆ ತಿದ್ದಿದ್ದು ಬಲ ಆಗಲಿ ಅಂತ ಕಾಯಬಾರದು. ತೊಂದರೆ ಕೊಡದಷ್ಟಾದರೆ ಸಾಕು.

ಎರಡನೆಯ ಅಪಾಯ ಇದರ ಉಲ್ಟಾ. ಮಾಡುವವರ ತಲೆಗೇ ಕೆಲಸ ಬೀಳುತ್ತಾ ಹೋಗುತ್ತದೆ. "ಅವಳು ಚೆನ್ನಾಗಿ ಮಾಡ್ತಾಳೆ, ಅವಳಿಗೇ ಕೊಡಿ." ವರ್ಷ ಕಳೆಯುವಷ್ಟರಲ್ಲಿ ಆ ಬಲವೇ ಬೇಸರವಾಗಿರುತ್ತದೆ. ಅವಳು ರಜೆ ಹಾಕಿದ ದಿನ ತಂಡ ಕುಂಟುತ್ತದೆ. ಯಾವ ಮುಖ್ಯ ಕೆಲಸಕ್ಕೂ ಎರಡನೆಯ ಕೈ ತಯಾರಿರಬೇಕು, ಆ ಕೈಗೆ ಅದು ಅಷ್ಟು ಇಷ್ಟವಿಲ್ಲದಿದ್ದರೂ.

ಇನ್ನು ಬಡ್ತಿ. ಚೆನ್ನಾಗಿ ಕೆಲಸ ಮಾಡುವವರನ್ನು ಎತ್ತಿ ಮ್ಯಾನೇಜರ್ ಮಾಡುತ್ತೇವೆ. ಲಾರೆನ್ಸ್ ಪೀಟರ್ ಎಂಬ ಲೇಖಕರು 1969ರಲ್ಲೇ ಇದನ್ನು ಗೇಲಿ ಮಾಡಿದ್ದರು: ತಮ್ಮಿಂದ ಆಗದ ಹುದ್ದೆ ಸಿಗುವವರೆಗೂ ಜನ ಮೇಲೇರುತ್ತಾರೆ, ಅಲ್ಲೇ ಉಳಿಯುತ್ತಾರೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸೇಲ್ಸ್ ಕೆಲಸದವರನ್ನು ನೋಡಿತು. ಹೆಚ್ಚು ಮಾರಿದವರಿಗೆ ಬಡ್ತಿ ಸಿಗುವುದು ಹೆಚ್ಚು. ಆದರೆ ಮ್ಯಾನೇಜರ್ ಆದ ಮೇಲೆ ಅವರ ಕೈಕೆಳಗಿನವರ ಮಾರಾಟ ಕುಗ್ಗುವುದು ಕಂಡಿತು. ಮಾರುವ ಬಲ ಬೇರೆ, ಮಾರುವವರನ್ನು ಬೆಳೆಸುವ ಬಲ ಬೇರೆ. ಹುದ್ದೆ ಏರದೆ ಸಂಬಳ ಏರುವ ದಾರಿ ಇಲ್ಲದ ಕಡೆ ಈ ತಪ್ಪು ನಡೆಯುತ್ತಲೇ ಇರುತ್ತದೆ.

ಇಷ್ಟೆಲ್ಲ ಆಗಲು ಕೆಳಗೆ ಒಂದು ನೆಲ ಬೇಕು. "ಇದು ನನ್ನಿಂದ ಆಗ್ತಿಲ್ಲ" ಅಂತ ಹೇಳಿದರೆ ಅಪ್ರೈಸಲ್‌ನಲ್ಲಿ ಹೊಡೆತ ಬೀಳುವ ಕಡೆ ಯಾರು ಬೋರ್ಡಿನ ಮೇಲೆ ಕಳೆಯುವ ಗುರುತು ಹಾಕುತ್ತಾರೆ? ಎಲ್ಲರೂ ಎಲ್ಲದಕ್ಕೂ ಕೂಡುವ ಗುರುತೇ ಹಾಕುತ್ತಾರೆ. ಆಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಮ್ಮಿ ಇರಬೇಕು ಅಂದುಕೊಂಡರೆ ಅಲ್ಲೇ ಜಾಸ್ತಿ ದಾಖಲಾಗಿತ್ತು. ಆಮೇಲೆ ಗುಟ್ಟು ತಿಳಿಯಿತು. ಅಲ್ಲಿ ಜಾಸ್ತಿ ತಪ್ಪು ಆಗುತ್ತಿತ್ತು ಅಂತಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಈ ನಿರ್ಭಯದ ಬಗ್ಗೆ 1999ರಲ್ಲಿ ಅವರು ಮಾನಸಿಕ ಸುರಕ್ಷತೆ ಎಂಬ ಹೆಸರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗೂಗಲ್ 2012ರಲ್ಲಿ ಶುರು ಮಾಡಿ ತನ್ನ 180 ತಂಡಗಳನ್ನು ಅಗೆದು ನೋಡಿದಾಗಲೂ ಯಾರ್ಯಾರು ಇದ್ದಾರೆ ಅನ್ನುವುದಕ್ಕಿಂತ ಒಟ್ಟಿಗೆ ಹೇಗಿದ್ದಾರೆ ಅನ್ನುವುದೇ ಮೇಲಾಯಿತು. ಒಳ್ಳೆಯ ತಂಡಕ್ಕೆ ಬೇಕಾದವುಗಳ ಪಟ್ಟಿಯ ಮೊದಲ ಸಾಲಿನಲ್ಲಿ ಇದೇ ಸುರಕ್ಷತೆ ಇತ್ತು.

ಅದಕ್ಕೇ ನಮ್ಮ ಬೋರ್ಡಿನ ಮೇಲೆ ಮೊದಲ ಕಳೆಯುವ ಗುರುತು ಹಾಕಿದ್ದು ನಾನು. ತಿಂಗಳ ವರದಿಯ ಮುಂದೆ. ಲೀಡ್‌ಗೇ ಇದು ಬೇಸರ ಅಂದಮೇಲೆ ನಮಗೂ ಹೇಳಬಹುದು ಅಂತ ಅನ್ನಿಸಿರಬೇಕು. ಪೆನ್ ಕೈಯಿಂದ ಕೈಗೆ ಓಡಿತು.

ತಿಂಗಳ ವರದಿ ಈಗ ಅಂಕಿ ನೋಡುವ ಆ ಸಹೋದ್ಯೋಗಿಯ ಬಳಿ ಇದೆ. ನನಗೆ ಒಂದು ದಿನ ಹಿಡಿಯುತ್ತಿದ್ದದ್ದು ಅವಳಿಗೆ ಎರಡು ಗಂಟೆ ಸಾಕು. ಮೇಲಿನವರಿಗೆ ಕಳಿಸುವಾಗ ಬರೆಯಬೇಕಾದ ನಾಲ್ಕು ಸಾಲು ಅವಳಿಗೆ ಕಿರಿಕಿರಿ, ಅದನ್ನು ನಾನು ಬರೆಯುತ್ತೇನೆ. ಬೋರ್ಡನ್ನು ಆರು ತಿಂಗಳಿಗೊಮ್ಮೆ ಅಳಿಸಿ ಮತ್ತೆ ಬರೆಯುತ್ತೇವೆ. ಜನ ಬದಲಾಗುತ್ತಾರೆ, ಹೋದ ವರ್ಷದ ಇಷ್ಟ ಈ ವರ್ಷ ಇರುವುದಿಲ್ಲ. ಆ ಕೊನೆಯ ಕೆಲಸ ಮಾತ್ರ ಹಾಗೇ ಇದೆ, ಆರೂ ಕಳೆಯುವ ಗುರುತುಗಳ ಸಮೇತ. ಹಳೇ ಫೈಲ್‌ಗಳನ್ನು ಒಂದೊಂದಾಗಿ ತೆರೆದು ಯಾವುದು ಇಡಬೇಕು, ಯಾವುದು ತೆಗೆಯಬೇಕು ಅಂತ ನೋಡುವುದು. ತಿಂಗಳಿಗೊಮ್ಮೆ ಚೀಟಿ ಎತ್ತುತ್ತೇವೆ. ಈ ತಿಂಗಳು ನನ್ನ ಹೆಸರು ಬಂದಿದೆ.